ಹಗ್ಗದವನ ಕಣಿ

ಅಕ್ಟೋಬರಿನ ಎರಡನೇ ಶುಕ್ರವಾರ ಬರುತ್ತದಂತೆ
ಸುನ್ವೋರಳ ಹೊಸ ಆಲ್ಬಮ್.
ಒಂಬತ್ತು ವರ್ಷ.
ಅಷ್ಟರಲ್ಲಿ ನಮ್ಮ ದೋಣಿಯ ಎಂಜಿನ್ ಎರಡು ಸಲ ಬದಲಾಯಿತು,
ನನ್ನ ಹಲ್ಲು ನಾಲ್ಕು ಹೋದವು,
ಹಳೆಯ ರೆಕಾರ್ಡಿನ ಮೂರನೇ ಹಾಡಿನಲ್ಲಿ
ಮುಳ್ಳು ಜಾರುವ ಜಾಗ ಒಂದಿತ್ತು, ಈಗ ಮೂರು.

ಪತ್ರಿಕೆಯವರು ಹೋಗಿ ಕೇಳುವುದು ಕಂಪನಿಯವರನ್ನು.
ನನ್ನನ್ನು ಕೇಳಬೇಕಿತ್ತು.
ಟೋರ್ಸ್‌ಹಾವ್ನ್‌ನಿಂದ ನೋಲ್ಸೊಯ್‌ಗೆ ಇಪ್ಪತ್ತು ನಿಮಿಷ,
ಹಗ್ಗ ಎಸೆಯುವವನು, ಟಿಕೆಟ್ ಹರಿಯುವವನು ನಾನು.
ಆ ದ್ವೀಪಕ್ಕೆ ಹೋಗುವ ಹಾಲು, ಬಣ್ಣದ ಡಬ್ಬಿ, ಪಿಯಾನೊ, ಹೆಣ
ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು.
ಹಾಗಾಗಿ ಕಣಿ ಹೇಳುತ್ತೇನೆ, ಕೇಳಿ.
ಅಂಗೈ ತೋರಿಸುವುದು ಬೇಡ, ಸಾಮಾನು ತೋರಿಸಿದರೆ ಸಾಕು.

ಡ್ರಮ್ ಇರುವುದಿಲ್ಲ.
ಜನವರಿಯಲ್ಲಿ ಡೆನ್ಮಾರ್ಕಿನವನೊಬ್ಬ ಆರು ಡ್ರಮ್ ತಂದ,
ಬಂದರಿನ ಗೋಡೆ ದಾಟುವಷ್ಟರಲ್ಲಿ ಮುಖ ಹಸಿರು,
ಬೆಳಗಿನ ತಿಂಡಿಯೆಲ್ಲ ನನ್ನ ಬೂಟಿನ ಮೇಲೆ.
ಮಾರನೇ ದಿನವೇ ವಾಪಸು, ಆರೂ ಡ್ರಮ್ ಸಮೇತ.
ಒಂದರ ಚರ್ಮ ಹರಿದಿತ್ತು. ಅವನೇ ಒದ್ದನೋ, ಅವಳೋ,
ಕೇಳುವುದು ನನ್ನ ಕೆಲಸವಲ್ಲ.

ಸ್ಟುಡಿಯೋ ಇಲ್ಲ, ಮನೆಯಲ್ಲೇ ಹಾಡಿದ್ದಾಳೆ:
ಫೆಬ್ರವರಿಯಲ್ಲಿ ಹದಿನಾಲ್ಕು ಕಂಬಳಿ ಕೊಂಡೊಯ್ದಳು.
ಒಬ್ಬಳಿಗೆ ಹದಿನಾಲ್ಕು ಕಂಬಳಿಯ ಚಳಿ ಯಾವ ದೇಶದಲ್ಲೂ ಇಲ್ಲ.
ಅವು ಗೋಡೆಗೆ. ಆದರೆ ಬರೆದಿಟ್ಟುಕೊಳ್ಳಿ,
ನಮ್ಮ ಗಾಳಿಗೆ ಕಂಬಳಿ ಲೆಕ್ಕಕ್ಕಿಲ್ಲ,
ನಾಲ್ಕನೇ ಹಾಡಿನ ಹೊತ್ತಿಗೆ ಅದು ಒಳಗೆ ಬಂದಿರುತ್ತದೆ.

ಒಂದು ಟ್ರಾಂಬೋನ್ ಇರುತ್ತದೆ, ಸ್ವಲ್ಪ ಅಪಸ್ವರ.
ಅಂಗಡಿಯವರ ಮಗ ಬೇಯ್ನಿರ್, ವಯಸ್ಸು ಹದಿಮೂರು,
ಅದನ್ನು ಶಾಲೆಯಲ್ಲೇ ಬಿಟ್ಟು ಬರುತ್ತಿದ್ದವನು
ಏಪ್ರಿಲ್‌ನಿಂದ ಪ್ರತಿ ಶುಕ್ರವಾರ ತಬ್ಬಿಕೊಂಡು ಬರುತ್ತಾನೆ.
ಏನೋ ಮರಿ ಎಂದರೆ ಕಿವಿ ಕೆಂಪು.

ಉಸಿರು ಉದ್ದವಾಗಿರುತ್ತದೆ. ಸಿಗರೇಟು ಬಿಟ್ಟು ಹದಿನೇಳು ತಿಂಗಳು,
ಈಗ ಹಿಂಬದಿಯ ಬೆಂಚಿನಲ್ಲಿ ಕೂತು ಪೆಪ್ಪರ್‌ಮಿಂಟು ಕಡಿಯುತ್ತಾಳೆ.
ಹೊಗೆಯಿಲ್ಲದ ಗಂಟಲಿನಿಂದ ಆ ಹಳೆಯ ದುಃಖ ಬರುತ್ತದೋ ಇಲ್ಲವೋ,
ಅದೊಂದು ನನ್ನ ಕಣಿಗೂ ಸಿಕ್ಕಿಲ್ಲ.

ಎಂಜಿನ್ ಕೋಣೆಯ ಹೋಗ್ನಿ ಪಣ ಕಟ್ಟಿದ್ದಾನೆ:
ಈ ಸಲ ಇಂಗ್ಲಿಷಿನಲ್ಲೇ, ಕೊನೆಗೆ ಎಲ್ಲರೂ ಅಷ್ಟೇ.
ಪಣಕ್ಕೆ ಒಂದಿಡೀ ಕುರಿತೊಡೆ,
ಅವನ ಅತ್ತೆಯ ಷೆಡ್ಡಿನಲ್ಲಿ ಗಾಳಿಗೆ ತೂಗಿ ಒಣಗುತ್ತಿರುವುದು.
ಒಪ್ಪಿದೆ. ಅವಳು ಬೇಲಿ ಹಾರಿದ ಕುರಿಗೆ ಬೈಯುವುದನ್ನು
ನೀರಿನ ಮೇಲಿಂದ ಕೇಳಿದವನು ನಾನು.
ಬೈಗುಳ ಯಾವ ಭಾಷೆಯದೋ ಹಾಡೂ ಅದರದೇ.

ಇನ್ನೊಂದಿದೆ. ಹೋಗ್ನಿಗೂ ಹೇಳಿಲ್ಲ.
ಮಾರ್ಚಿನ ಒಂದು ಬೆಳಿಗ್ಗೆ, ದಟ್ಟ ಮಂಜು, ಪ್ರಯಾಣಿಕರು ಇಬ್ಬರೇ.
ಅವಳು ಕಂಬಿಯಾಚೆ ಕೈ ಚಾಚಿ ನಿಂತಿದ್ದಳು,
ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರ, ಅದಕ್ಕೊಂದು ಉಣ್ಣೆಯ ಟೋಪಿ.
ನೀರಿನ ಸದ್ದು ಹಿಡಿಯುತ್ತಿದ್ದಾಳೆಂದು ನನಗೆ ಹೊಳೆಯುವಷ್ಟರಲ್ಲಿ
ಹಗ್ಗ ಜಾರಿ ಕಂಬ ತಪ್ಪಿತು,
ಬಾಯಿಂದ ಬಂದದ್ದು ಪಾದ್ರಿಯ ಮುಂದೆ ಆಡುವ ಮಾತಲ್ಲ.
ಅವಳು ತಿರುಗಿ ನೋಡಲಿಲ್ಲ.
ಯಂತ್ರ ಆರಿಸಲೂ ಇಲ್ಲ.

ಇದು ಕಣಿಯಲ್ಲ, ಆಸೆ:
ಕೊನೆಯ ಹಾಡು ಮುಗಿದು, ಜನ ಮುಗಿಯಿತೆಂದು ಎದ್ದ ಮೇಲೆ
ನೀರು, ಹಗ್ಗ ಕಬ್ಬಿಣಕ್ಕೆ ಬಡಿದ ಸದ್ದು,
ಆಮೇಲೆ ಐವತ್ತಾರು ವರ್ಷದ ಗಂಟಲಿನ ಒಂದು ಹೊಲಸು ಮಾತು.
ಹೆಸರು ಹಾಕುವುದು ಬೇಡ. ಅಳಿಸದಿದ್ದರೆ ಸಾಕು.

ರಾತ್ರಿ ಎಚ್ಚರವಾಗುವುದು ಮಾತ್ರ ಬೇರೆ ಯೋಚನೆಗೆ.
ಚೆನ್ನಾಗಿಲ್ಲದಿದ್ದರೆ?
ಉಳಿದವರಿಗೆ ಸುಲಭ, ಮುಳ್ಳೆತ್ತಿ ಪಕ್ಕಕ್ಕಿಟ್ಟರಾಯಿತು.
ನನಗೆ ಶನಿವಾರ ಮೊದಲ ದೋಣಿ ಇದೆ.
ಅವಳು ಟಿಕೆಟ್ ಚಾಚುತ್ತಾಳೆ, ಎಂದಿನಂತೆ ಕೇಳುತ್ತಾಳೆ,
"ಹೇಗಿದೆ ಇವತ್ತು?"
ಇಷ್ಟು ವರ್ಷ ಅದು ಕಡಲಿನ ಮಾತು.
"ಪರವಾಗಿಲ್ಲ" ಅನ್ನುತ್ತಲೇ ಬಂದಿದ್ದೇನೆ,
ಹತ್ತಡಿ ಅಲೆಯಲ್ಲೂ.