ಹದಿನೈದು ನಿಮಿಷ

ಮೇಚಿ ಸೇತುವೆಯ ಈ ತುದಿ, ಕಾಕಡಭಿಟ್ಟಾ.
ನನ್ನದೊಂದು ತಗಡಿನ ಗೂಡು, ಮೂರೇ ಕಾಲು ನೆಟ್ಟಗಿರುವ ಸ್ಟೂಲು,
ಒಂದು ರಿಜಿಸ್ಟರು, ಚಹಾದ ಫ್ಲಾಸ್ಕು.
ಆಚೆ ಇಂಡಿಯಾ. ಅಲ್ಲಿಯ ಗಡಿಯಾರ
ನಮ್ಮದಕ್ಕಿಂತ ಹದಿನೈದು ನಿಮಿಷ ಹಿಂದೆ.
ಸೇತುವೆ ದಾಟಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿನ ನಡಿಗೆ.
ಹಾಗಾಗಿ ಇಲ್ಲಿಂದ ಹೊರಟವಳು
ಹೊರಟ ಗಳಿಗೆಗೇ ಅಲ್ಲಿ ತಲುಪುತ್ತಾಳೆ,
ನಡುವೆ ಏನೂ ನಡೆದೇ ಇಲ್ಲವೆಂಬಂತೆ.

ನಾನು ಮೊದಲು ನೋಡುವುದು ಕಾಲು, ಆಮೇಲೆ ಮುಖ.
ಹೊಸ ಚಪ್ಪಲಿ, ಹಿಮ್ಮಡಿಯಲ್ಲಿ ಹಳೆಯ ಬಿರುಕು,
ಬೆಲೆಚೀಟಿಯ ದಾರ ಇನ್ನೂ ಕಿತ್ತಿಲ್ಲ.
ರಿಕ್ಷಾ ನಿಲ್ಲಿಸುತ್ತೇನೆ.
ಎಲ್ಲಿಗೆ ತಂಗಿ? ಜೊತೆಗಿರುವವನು ಯಾರು?
ಮಾವ.
ಮಾವನ ಹೆಂಡತಿಯ ಹೆಸರು?
ಅವರ ಮನೆಯ ನಾಯಿ ಯಾವ ಬಣ್ಣ?
ಇಲ್ಲದ ಆ ನಾಯಿ ಕಾದುಕೊಟ್ಟ ಹುಡುಗಿಯರು
ಈ ರಿಜಿಸ್ಟರಿನಲ್ಲಿ ನಲವತ್ತೊಂದು.

ಪ್ರತಿ ಸಲ ನನ್ನದೇ ಸರಿಯೆಂದಲ್ಲ.
ಸಿಲಿಗುರಿಯ ಅಕ್ಕನ ಬಾಣಂತನಕ್ಕೆ ಹೊರಟವಳೊಬ್ಬಳು
ನನ್ನಿಂದ ಬಸ್ಸು ತಪ್ಪಿ ಕೆನ್ನೆಗೆ ಬಾರಿಸಿದಳು.
ಏಟು ನ್ಯಾಯವಾದದ್ದೇ. ಹೆಣ್ಣು ಊರು ಬಿಡುವುದು ತಪ್ಪಲ್ಲ,
ಕೂಲಿ ಹುಡುಕಿ ಹೋಗುವುದು ತಪ್ಪಲ್ಲ.
ಅವಳ ಚೀಲ ಹೊತ್ತು ಸೇತುವೆಯ ನಡುವಿನವರೆಗೆ ಬಿಟ್ಟುಬಂದೆ.
ಅದರಾಚೆಗೆ ನನ್ನ ಕಾಲು ಇಂದಿಗೂ ಏಳುವುದಿಲ್ಲ.

ನನ್ನನ್ನು ದಾಟಿಸಿದವಳು ಕಿತ್ತಳೆ ಸುಲಿದು ಕೊಟ್ಟಿದ್ದಳು,
ಒಂದೊಂದೇ ತೊಳೆ, ಬೀಜ ತೆಗೆದು.
ಅವ್ವ ಹಾಗೆಂದೂ ಕೊಟ್ಟವಳಲ್ಲ, ಅವಳಿಗೆಲ್ಲಿಯ ಪುರುಸೊತ್ತು.
ಹೊಳೆ ದಾಟಿದ ಮೇಲೆ ಅಂಬಿಗನ ನೆನಪಿರದಂತೆ.
ನನಗಿದೆ: ಉಗುರ ಸಂದಿಯ ಹಳದಿ,
ಚಿಲ್ಲರೆ ಎಣಿಸುವಾಗ ಅಲುಗುತ್ತಿದ್ದ ತುಟಿ.
ಕಂಬದ ಬಳಿ ಪೊಲೀಸನೊಬ್ಬ ಕಡಲೆ ತಿನ್ನುತ್ತಿದ್ದ.
ಕೇಳಿದ್ದರೆ ಹೇಳಿಬಿಡುತ್ತಿದ್ದೆ,
ಈ ಅತ್ತೆಯ ಹೆಸರೇ ನನಗೆ ಗೊತ್ತಿಲ್ಲವೆಂದು.

ಏಳು ವರ್ಷ. ಅದನ್ನು ಇಲ್ಲಿ ಬರೆಯುವುದಿಲ್ಲ.
ನಾಲ್ಕು ಸಲ ಹೇಳಿದ್ದೇನೆ, ನಾಲ್ಕು ಮೇಜುಗಳ ಮುಂದೆ,
ಸಾಲದೆ?
ಮರಳಿದಾಗ ಊರಿನ ಬಳಿಯೂ ಪ್ರಶ್ನೆಗಳಿದ್ದವು.
ಒಂದೂ ನಾಯಿಯ ಬಗ್ಗೆ ಅಲ್ಲ.
ಅವ್ವ ಮಾತ್ರ ರಾಗಿ ಢಿಂಡೋ ತಿರುವಿ ತಟ್ಟೆಗಿಟ್ಟು
ಉಪ್ಪು ಸಾಕಾ ಎಂದಳು.
ಸಾಕು ಎಂದೆ. ಸಾಕಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಯೇಹಾಂಗ್ಮಾ. ತಾಪ್ಲೇಜುಂಗ್ ಕಡೆಯವಳು, ಹದಿನಾರಂತೆ.
ಆಧಾರವಿಲ್ಲ, ಹಲ್ಲು ನೋಡಿದರೆ ಹದಿನಾಲ್ಕು.
ಪಾಯಿಖಾನೆಗೆಂದು ಹೋದ ಮಾವ ಅತ್ತಲೇ ಮಾಯ.
ಅವಳು ನನಗೆ ಕೈಮುಗಿಯಲಿಲ್ಲ. ಕೂಗಿದಳು:
ಬ್ಯೂಟಿ ಪಾರ್ಲರಿನ ಕೆಲಸ ಹಾಳು ಮಾಡಿದೆಯಲ್ಲೇ ಮುದುಕಿ!
ನನಗೆ ಮೂವತ್ತೊಂದು.
ಚಹಾ ಬಗ್ಗಿಸಿ ಕೊಟ್ಟೆ. ಚೆಲ್ಲಿದಳು. ಇನ್ನೊಮ್ಮೆ ಬಗ್ಗಿಸಿದೆ.

ಗಡಿಯಲ್ಲಿ ಫೋನಿಗೂ ಗೊಂದಲ,
ಆಚೆಯ ಟವರು ಸಿಕ್ಕರೆ ಹಿಂದಕ್ಕೆ ಜಿಗಿಯುತ್ತದೆ,
ಈಚೆಯದು ಸಿಕ್ಕರೆ ಮುಂದಕ್ಕೆ.
ಎಷ್ಟೋ ಹೊತ್ತಿಗೆ ಅವಳು ಗಂಟೆ ಕೇಳಿದಳು.
ಎರಡನ್ನೂ ಹೇಳಿದೆ.
ಹಾಗಾದರೆ ನಡುವಿನದು ಯಾರದು, ಎಂದಳು.

ನನಗೆ ಉತ್ತರ ತೋಚುವಷ್ಟರಲ್ಲಿ
ದೂರದಲ್ಲಿ ಇನ್ನೊಂದು ರಿಕ್ಷಾ, ಹೊಸ ಚಪ್ಪಲಿ.
ಸ್ಟೂಲು ಅವಳಿಗೆ ಬಿಟ್ಟು ಎದ್ದೆ.
ಎಡಕ್ಕೆ ವಾಲಬೇಡ, ಎಂದೆ,
ಆ ಕಾಲು ಸರಿಯಿಲ್ಲ.