ಖಾಲಿ ಕೋರು

ಹಟ್ಟಿ ಗಣಿಯೊಳಗ ಮೂವತ್ತೊಂದು ವರ್ಷ
ಡ್ರಿಲ್ ಹಿಡಿದವ ನಾನು.
ಬಂಡೆಯ ಹೊಟ್ಟೆಯಿಂದ ತೆಗೆದ ಉದ್ದನೆ ಕೋರು
ಪೆಟ್ಟಿಗೆಯಾಗ ಸಾಲಾಗಿ ಮಲಗಿಸಿ
ಆಳ ಬರೆದು ಮ್ಯಾಲ ಕಳಿಸ್ತಿದ್ದೆ.

ರಾಯಚೂರಿನ ಡಾಕ್ಟರು ನನ್ನೊಳಗಿಂದ
ಹನ್ನೆರಡು ತೆಗೆದರು, ಶ್ಯಾವಿಗಿ ಎಳೆಯಷ್ಟು.
ಎಡಕ್ಕ ಆರು, ಬಲಕ್ಕ ಆರು,
ಬ್ಯಾರೆ ಬ್ಯಾರೆ ಡಬ್ಬಿ, ಮ್ಯಾಲ ಚೀಟಿ.
"ಆಳ ಬರೀರಿ" ಅಂದೆ. ನರ್ಸಮ್ಮ ನಕ್ಕಳು.

ವರದಿ ಬಂತು: ಐದರಾಗ ಅದ.
ನಾಕು ಕೂಡಿಸು ಮೂರು, ಏಳು.
"ಮೂರು ಕೂಡಿಸು ನಾಕು ಆಗಿದ್ರ
ಸ್ವಲ್ಪ ಸಲೀಸಿತ್ತು" ಅಂದರು ಡಾಕ್ಟರು.
ಲೆಕ್ಕದ ಟೀಚರು ನಮ್ಮ ಅಮರಮ್ಮ, ರೇಗಿದಳು:
ಹ್ಯಾಂಗ ಕೂಡಿಸಿದ್ರೂ ಏಳೇ ಅಲ್ಲೇನ್ರೀ?
ನನಗ ತಿಳೀತು. ಬಂಡೆಯೊಳಗ ಯಾವುದು ಹೆಚ್ಚೋ
ಅದರ ಹೆಸರು ಮೊದಲು.

ರಕ್ತದ ಅಂಕಿ ಇಪ್ಪತ್ತೆರಡು.
ಬೆರಳಿಗೆ ಸಿಕ್ಕ ಗಂಟು ಒಂದು ಮಗ್ಗಲು.
ಗೋಡೆ ಒಡೆದದೇನು, ಎಲುಬಿಗೆ ಹೋಗ್ಯದೇನು,
ತಿಳಿಯೋತನಕ ಹಂತ ಬರಿಯಾಕ ಬರಲ್ಲ.

ಸೂಜಿ ಚುಚ್ಚಿ ಮೂರು ತಾಸು ಕೂಡಿಸಿದರು,
ನೀರು ಕುಡಿ, ನೀರು ಕುಡಿ.
ಆಮ್ಯಾಲ ಯಂತ್ರದಡಿ ಅಂಗಾತ.
ಕಣ್ಣು ಮುಚ್ಚಿದರ ಕೇಜು ಇಳಿದಂಗ
ಕುತ್ತಿಗಿ, ಬೆನ್ನು, ಸೊಂಟ, ತೊಡಿ;
ಒಂದೊಂದು ಲೆವೆಲ್ಲಿನಾಗೂ
ದೀಪ ಹಿಡಿದು ಯಾರೋ ಹುಡುಕಿದಂಗ.

ಸಿಗಲಿ, ಸಿಗಲಿ ಅಂತ ಕೊರೆದ ಜನ್ಮ ಇದು.
ಖಾಲಿ ಕೋರು ಬಂದ ದಿನ
ಸಾಹೇಬರ ಮುಖ ನೋಡಾಕ ಆಗ್ತಿರಲಿಲ್ಲ.
ಇವತ್ತು ಹಲ್ಲು ಕಚ್ಚಿ
ಖಾಲಿ, ಖಾಲಿ ಅಂತೀನಿ.

"ಅಲುಗಾಡಬ್ಯಾಡ್ರಿ ಹುಸೇನಪ್ಪ,"
ಗಾಜಿನಾಚೆ ದನಿ.
ಹೊರಗ ಅಮರಮ್ಮ ಬಸ್ಸಿನ ಟಿಕೇಟಿನ ಹಿಂದ
ಮತ್ತ ಕೂಡಿಸ್ತಿರಬೇಕು.