ನಕಲು

ಮನಾಉಸ್ ಬಿಟ್ಟ ಎರಡನೇ ರಾತ್ರಿ
ತೂಗುಹಾಸಿಗೆಯಿಂದ ಬಿದ್ದದ್ದು ನಾನಲ್ಲ,
ಕೊರಳ ದಾರದಲ್ಲಿ ಮಾತೆಯ ತಾಯಿತದ ಜೊತೆ ನೇತಾಡುತ್ತಿದ್ದ
ಪೆನ್‌ಡ್ರೈವು.
ಹಲಗೆಯ ಮೇಲೆ ಟಕ್ ಎಂದು ಒಂದೇ ಸದ್ದು.
ಅದರ ಮೇಲೆ ಯಾರದೋ ಚಪ್ಪಲಿ.

ಒಳಗಿದ್ದದ್ದು ಒಂದರಿಂದ ಐದನೇ ತರಗತಿ,
ಇಡೀ ವರ್ಷ:
ನಕ್ಷೆ, ಮಗ್ಗಿ, ಎಲೆ ಉಸಿರಾಡುವುದನ್ನು ತೋರಿಸುವ ವಿಡಿಯೊ.
ನೆಟ್‌ವರ್ಕ್ ಸಿಗದ ಊರಿಗೆಂದು ಇಲಾಖೆಯವರು ಕೊಟ್ಟದ್ದು,
ಮೂರು ಕಡೆ ರುಜು ಹಾಕಿಸಿಕೊಂಡು,
‘ಜೋಪಾನ, ಇರಾಸಿ ಟೀಚರ್’ ಎಂದು.

ತಗಡಿನ ಮೂತಿ ಸೊಟ್ಟಗಾಗಿತ್ತು.
ಫೋನಿಗೆ ಚುಚ್ಚಿ, ಎಡಕ್ಕೆ ಒತ್ತಿ ಹಿಡಿದರೆ ಕಾಣುತ್ತದೆ,
ಉಸಿರು ಬಿಟ್ಟರೆ ಮಾಯ.
ಫೋನು ಹೇಳಿತು: ಜಾಗವಿಲ್ಲ.

ಪಕ್ಕದ ಹಾಸಿಗೆಯ ಎವಿಲಾಸಿಯೊ,
ದೋಣಿ ಮೋಟರಿನ ಮೆಕ್ಯಾನಿಕ್ಕು, ಉಗುರೊಳಗೆ ಗ್ರೀಸು,
ತಲೆಯಡಿಯಿಂದ ಗಾಜು ಸೀಳಿದ ಟ್ಯಾಬ್ಲೆಟ್ ಎಳೆದ.
‘ನಿಮ್ಮದರಿಂದ ಇದಕ್ಕೆ ಸುರಿಯೋಣ,
ಇದರಿಂದ ನನ್ನ ಡ್ರೈವಿಗೆ.’
ಬಾವಿಯಿಂದ ಕೊಡಕ್ಕೆ, ಕೊಡದಿಂದ ಹಂಡೆಗೆ
ಎಂಬಷ್ಟು ಸಲೀಸಾಗಿ.

ಹಂಡೆ ತುಂಬಿತ್ತು.
ಹಾಡಲ್ಲ, ಸಿನಿಮಾ ಅಲ್ಲ,
ಕೆಟ್ಟ ಮೋಟರುಗಳ ಸದ್ದು. ಹನ್ನೊಂದು ವರ್ಷದ್ದು.
ರೋಗಿಯ ನಾಡಿಯಂತೆ ಹಿಡಿದಿಟ್ಟದ್ದು.
‘ಇದು ಬೆರುರಿಯದು, ಪಿಸ್ಟನ್ ಸವೆದಿದೆ,
ಕೇಳಿ, ಗೂರಲು ಹತ್ತಿದ ಮುದುಕನ ಹಾಗೆ.
ಇದಕ್ಕೆ ಬಲೆ ಸುತ್ತಿಕೊಂಡಿತ್ತು.
ಇದಕ್ಕೇನೂ ಆಗಿಲ್ಲ, ಮಾಲೀಕನಿಗೆ ಕಿವಿ ಮಂದ.’
ಕೇಳಿಸಿ, ಬೆರಳು ತುಸು ತಡೆದು,
ಅಳಿಸುತ್ತಾ ಹೋದ.

ಸುತ್ತಲ ಹಾಸಿಗೆಗಳಿಂದ ಬೈಗುಳ.
ಎಲ್ಲರಿಗಿಂತ ಜೋರು ಒಣಮೀನು ಮಾರುವ ಜುರೆಮಾಳದು:
‘ಸತ್ತ ಮೋಟರಿಗೂ ಜಾಗರಣೆಯೇ, ಪಾಪಿಗಳಾ?’

ನಕಲು ಹೊಡೆದವರ ಕಿವಿ ಹಿಂಡಿದ ಕೈ ಇದು.
ಈಗ ಅದೇ ನಕಲಿಗಾಗಿ ಕೇಬಲ್ಲು ಹಿಡಿದು
ಬೆವರುತ್ತಿತ್ತು.
ನಲವತ್ತು. ನಲವತ್ತು. ನಲವತ್ತೊಂದು.
ಪುರೂಸ್ ನದಿ ಶೇಕಡಾವಾರಿಗೆ ಸೊಪ್ಪು ಹಾಕುವುದಿಲ್ಲ:
ಒಂದು ತಿರುವು, ಆಮೇಲೆ
ಅದೇ ತಿರುವಿನ ಬೆನ್ನು.

ಅರವತ್ತೆಂಟಕ್ಕೆ ದೀಪದ ಜನರೇಟರ್ ನಿಂತಿತು.
ಟ್ಯಾಬ್ಲೆಟ್ಟಿನಲ್ಲಿ ಒಂಬತ್ತರಷ್ಟು ಜೀವ.
ಪರದೆಯ ಬೆಳಕನ್ನು ಕಪ್ಪಾಗುವ ತನಕ ಇಳಿಸಿ
ಕಾಣದೆ ಕಾದೆವು.
ನನ್ನ ಹೆಬ್ಬೆರಳು ಮರಗಟ್ಟಿತ್ತು.
ಬೈದವಳೇ ಗೊಣಗುತ್ತಾ ಎದ್ದು ಬಂದಳು,
ಸೊಟ್ಟ ಮೂತಿಯನ್ನು ಎಡಕ್ಕೆ ಒತ್ತಿ ಹಿಡಿದಳು.
‘ಒಳಗೇನಿದೆ?’
‘ಮೂರನೇ ತರಗತಿ.’
‘ನಾನು ಎರಡಕ್ಕೇ ಬಿಟ್ಟೆ’ ಎಂದಳು,
ಇನ್ನೂ ಸ್ವಲ್ಪ ಒತ್ತಿದಳು.

ಬೆಳಗ್ಗೆ ಎಲ್ಲ ಬಂದಿತ್ತು,
ಹಂಡೆ ಹಿಡಿಸದ ಭಿನ್ನರಾಶಿಯೊಂದು ಬಿಟ್ಟು.
ಫೋನಿನಿಂದ ದವಡೆ ಹಲ್ಲಿನ ಎಕ್ಸ್‌ರೇ ತೆಗೆದೆ,
ನಾಟಕಶಾಲೆಯ ಎದುರು ನಾನೇ ಹಿಡಿದ
ನನ್ನ ಹನ್ನೆರಡು ಮುಖ ತೆಗೆದೆ,
ಅಲ್ಲಿಗೆ ಇಳಿಸಿಕೊಂಡೆ.
ಅರ್ಧ ಅಲ್ಲಿ, ಕಾಲು ಇಲ್ಲಿ.
ಭಿನ್ನರಾಶಿ ಪ್ರಯಾಣ ಮಾಡಬೇಕಾದ್ದೇ ಹಾಗೇನೋ.

ತಪವಾದಲ್ಲಿ ಅವನಿಳಿದ,
ನನ್ನ ಮುರುಕು ಡ್ರೈವನ್ನು ಕಿಸೆಗೆ ಹಾಕಿಕೊಂಡು.
‘ರಿಪೇರಿ ಆಗುತ್ತದೆ’ ಎಂದ. ಹಣ ಕೊಡಹೋದರೆ
ಕೇಳಿಸದವನ ಹಾಗೆ ನೀರು ನೋಡಿದ.

ನಮ್ಮ ಶಾಲೆ ಕಂಬಗಳ ಮೇಲೆ, ಬಿಸಿಲಿದ್ದರೆ ಟಿವಿ.
ಎಲೆಯ ಉಸಿರಿನ ಪಾಠವಾದ ಮೇಲೆ
ಹೆಸರಿಲ್ಲದ ಫೈಲೊಂದು ತಾನೇ ತೆರೆದುಕೊಂಡಿತು:
ದ್ರ್‌ರ್‌ರ್... ಟಪ್. ದ್ರ್‌ರ್... ಟಪ್. ಟಪ್.
ಅಳಿಸಲು ಮರೆತನೋ, ಮನಸ್ಸಾಗಲಿಲ್ಲವೋ.

ಹಾಜರಿಗೂ ಬಾಯಿ ಬಿಡದ ಜೊನಿಯೆಲ್ಸನ್
ಹಿಂದಿನ ಸಾಲಿನಲ್ಲಿ ಎದ್ದು ನಿಂತ.
‘ಪ್ಲಗ್ ಒದ್ದೆ, ಟೀಚರ್.
ಬಿಚ್ಚಿ ಒರೆಸಬೇಕು.
ಇನ್ನೊಂದು ಸಲ ಹಾಕಿ.’

ಹಾಕಿದೆ.
ಇಪ್ಪತ್ತಮೂರು ಬಾಯಿಗಳು ತುಟಿ ಅದುರಿಸಿ
ದ್ರ್‌ರ್, ಟಪ್, ದ್ರ್‌ರ್,
ಎಂಜಲು ಹಾರಿಸುತ್ತಾ, ಬೆಂಚು ಗುದ್ದುತ್ತಾ
ಒಬ್ಬರದನ್ನೊಬ್ಬರು ನೋಡಿ ನೋಡಿ
ನಕಲು.